ಹೆಪ್ಪು ಕೇಳಲು ಬಂದ ಮಕ್ಕಳು

ಆಗ ನನಗೆ ಅರವತ್ತೆಂಟು. ಇದಾಗಿ ಮೂರು ವರ್ಷವಾಯಿತು. ನನ್ನ ನಾದಿನಿಯ ಎಡಗಾಲಿನ ಕಿರುಬೆರಳು ಕಪ್ಪಾಗಿತ್ತು. ಮೇಟ್ಟುಪಾಳ್ಯದ ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ನೋಡಿ, ಇನ್ನು ಮಾತ್ರೆ ಸಾಲದು, ಸಕ್ಕರೆ ಕಾಯಿಲೆಗೆ ದಿನಾ ಸೂಜಿ ಹಾಕಿಕೊಳ್ಳಬೇಕು, ತಡ ಮಾಡಿದರೆ ಬೆರಳಲ್ಲ, ಪಾದವೇ ಹೋಗುತ್ತದೆ ಎಂದರು. ನಾದಿನಿ ಒಲ್ಲೆ ಎಂದಳು. ಡಾಕ್ಟರಮ್ಮ ಬೈದರು. ಆಗಲೂ ಒಲ್ಲೆ ಎಂದಳು. ಬರುವಾಗ ಬಸ್ಸಿನಲ್ಲಿ ನಾನು ಬೈದೆ. ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು.

ನಾವು ಕೊಯಮತ್ತೂರು ಕಡೆಯ ಸಿರುಮುಗೈಯವರು, ನೇಯುವ ಮನೆತನ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಾದಿನಿ ನನ್ನ ಗಂಡನ ತಂಗಿ. ಮದುವೆಯಾಗಿ ಸ್ವಲ್ಪ ಕಾಲಕ್ಕೇ ಗಂಡ ತೀರಿಕೊಂಡು ತವರಿಗೆ ಬಂದವಳು ಮತ್ತೆ ಎಲ್ಲಿಗೂ ಹೋಗಲಿಲ್ಲ. ನನ್ನ ಗಂಡ ಹೋದ ಮೇಲೂ ನಾವಿಬ್ಬರೂ ಹಾಗೇ ಉಳಿದುಕೊಂಡೆವು. ಮಗ, ಸೊಸೆ ಅದೇ ಮನೆಯಲ್ಲಿ ಇನ್ನೊಂದು ಮಗ್ಗ ನೇಯುತ್ತಾರೆ. ನಮ್ಮ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂರುವವಳು ನಾದಿನಿ, ಪಕ್ಕದಲ್ಲಿ ರಾಟೆ ತಿರುಗಿಸಿ ನೂಲು ಸುತ್ತಿ ಕೊಡುವವಳು ನಾನು. ನನ್ನ ಕಣ್ಣು ಮಂಜಾದ ಮೇಲೆ ಈ ಏರ್ಪಾಡು. ಅವಳ ಕಾಲು ಹೋದರೆ ಮಗ್ಗ ತುಳಿಯುವವರಿಲ್ಲ. ಕಾಲು ಹೋದ ಮೇಲೆ ಅವಳು ಎಷ್ಟು ದಿನ ಬದುಕುತ್ತಾಳೆ ಎಂಬುದೂ ನನಗೆ ಗೊತ್ತಿತ್ತು. ಮಗ್ಗ ಬಿಟ್ಟು ಮೂಲೆಯಲ್ಲಿ ಕೂರುವ ಹೆಂಗಸಲ್ಲ ಅದು.

ನಾನು ಶಾಲೆಗೆ ಹೋದವಳಲ್ಲ. ಅಪ್ಪ ಸೀಮೆಸುಣ್ಣದಲ್ಲಿ ನೆಲದ ಮೇಲೆ ಕನ್ನಡ ಅಕ್ಷರ ಬರೆದು ಕಲಿಸಿದ್ದರು. ಒತ್ತಕ್ಷರ ಬಂದರೆ ಈಗಲೂ ಎಡವುತ್ತೇನೆ. ಈ ಬರಹದ ಕಾಗುಣಿತ ತಿದ್ದಿದವಳು ಮುಂದೆ ಬರುವ ಹುಡುಗಿ. ಕಾಗುಣಿತ ತಿದ್ದು, ಮಾತು ಮುಟ್ಟಬೇಡ ಎಂದು ಹೇಳಿದ್ದೇನೆ.

ನಾದಿನಿ ಸೂಜಿ ಬೇಡವೆನ್ನಲು ಕಾರಣ ನೋವಲ್ಲ. ಬೆರಳಿಗೆ ಲಾಳಿಯ ಮೊನೆ ಹೊಕ್ಕಾಗ ಬಾಯಲ್ಲಿ ಬೆರಳಿಟ್ಟುಕೊಂಡು ಸೀರೆ ಮುಗಿಸಿದವಳು ಅವಳು. ಅವಳ ಮಾವನಿಗೆ ಸಕ್ಕರೆ ಕಾಯಿಲೆ ಇತ್ತು. ಆ ಕಾಲದಲ್ಲಿ ಆಸ್ಪತ್ರೆಯ ಕಾಂಪೌಂಡರ್ ಒಬ್ಬ, ಈ ಮದ್ದನ್ನು ದನದ ಹೊಟ್ಟೆಯಿಂದ, ಹಂದಿಯ ಹೊಟ್ಟೆಯಿಂದ ತೆಗೆಯುತ್ತಾರೆ ಎಂದು ಅವಳ ಎದುರಿಗೇ ಹೇಳಿದ್ದನಂತೆ. ಗಂಡ ಹೋದ ಮೇಲೆ ಮಾಂಸ ಬಿಟ್ಟವಳು ನಾದಿನಿ. ನಮ್ಮ ಮನೆಯಲ್ಲಿ ಚೌಡಮ್ಮನ ಪಟಕ್ಕೆ ದೀಪ ಹಚ್ಚುವ ಕೈ ಅವಳದು. ನಾನು ಮೀನು ತಿನ್ನುವವಳು, ನನಗೆ ದೀಪದ ಕೆಲಸವಿಲ್ಲ. “ದನದ ಹೊಟ್ಟೇದು ಮೈಯೊಳಗೆ ಹಾಕ್ಕೊಂಡು ಅಮ್ಮನ ಮುಂದೆ ಹೆಂಗೆ ನಿಂತ್ಕೊಳ್ಲಿ ಅತ್ತಿಗೆ?” ಅನ್ನುತ್ತಿದ್ದಳು. “ಯಾವನೋ ಕುಡುಕ ಹೇಳಿದ್ದನ್ನ ಇನ್ನೂ ಹಿಡ್ಕೊಂಡಿದೀಯ, ಅದೆಲ್ಲ ಸುಳ್ಳು” ಅನ್ನುತ್ತಿದ್ದೆ ನಾನು. ಮಗನೂ ಸುಳ್ಳು ಅಂದ. ಡಾಕ್ಟರಮ್ಮನೂ ನಕ್ಕರು. ನಾವು ಸುಳ್ಳು ಅಂದಷ್ಟೂ ಅವಳು ಗಟ್ಟಿಯಾದಳು.

ಹೀಗಿರುವಾಗ ಕಾಲೇಜು ಮಕ್ಕಳು ಬಂದರು.

ಅವು ಎರಡು ಗುಂಪು. ಒಂದು ಕೊಯಮತ್ತೂರಿನ ಕಾಲೇಜಿನದು, ಇನ್ನೊಂದು ಕರ್ನಾಟಕದ್ದು. ದೇಶ ದೇಶದ ಕಾಲೇಜು ಮಕ್ಕಳು ಸೇರುವ ಯಾವುದೋ ಪಂದ್ಯವಂತೆ. ಕಣ್ಣಿಗೆ ಕಾಣದ ಜೀವಿಗಳ ಒಳಗೆ ಇರುವ ಬರಹವನ್ನು ತಿದ್ದಿ, ನಮಗೆ ಬೇಕಾದ ಕೆಲಸವನ್ನು ಅವುಗಳಿಂದ ಮಾಡಿಸುವ ವಿದ್ಯೆ. ಕೊಯಮತ್ತೂರಿನವರು ತಿರುಪ್ಪೂರಿನ ಬಣ್ಣದ ನೀರನ್ನು ತಿಂದು ತಿಳಿಯಾಗಿಸುವ ಜೀವಿಯೊಂದನ್ನು ಮಾಡಲು ಹೊರಟಿದ್ದರು. ಕರ್ನಾಟಕದವರು ನೂಲಿಗೆ ಹಾಕುವ ಬಣ್ಣವನ್ನೇ ಜೀವಿಯಿಂದ ತೆಗೆಯಲು ನೋಡುತ್ತಿದ್ದರು. ಎರಡು ಗುಂಪಿಗೂ ನೂಲು, ಬಣ್ಣ ಬೇಕಾಗಿದ್ದರಿಂದ ಜೊತೆಯಾದರಂತೆ. ಕೋಣೆಯೊಳಗೆ ಕೂತು ಕೆಲಸ ಮಾಡಿದರೆ ಸಾಲದು, ಹೊರಗೆ ಬಂದು ಜನರಿಗೂ ತಿಳಿಯ ಹೇಳಬೇಕು ಎಂದು ಇಬ್ಬರೂ ತೀರ್ಮಾನಿಸಿ ನಮ್ಮ ಬೀದಿಯನ್ನು ಆರಿಸಿಕೊಂಡರು. ಸಿರುಮುಗೈಯ ಮುದುಕಿಯರು ಮನೆಯಲ್ಲಿ ಕನ್ನಡ ಆಡುತ್ತಾರೆ ಎಂದು ಯಾರೋ ಹೇಳಿದ್ದರು. ಕರ್ನಾಟಕದ ಮಕ್ಕಳು ಪಾಪ, ಕಷ್ಟಪಟ್ಟು ಕನ್ನಡದಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿಕೊಂಡು ಬಂದಿದ್ದರು. ಆಡುವವರೆಲ್ಲ ಓದುವವರಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಮ್ಮ ಬೀದಿಯಲ್ಲಿ ಕನ್ನಡ ಅಕ್ಷರ ಗೊತ್ತಿದ್ದವಳು ನಾನೊಬ್ಬಳೇ. ನನ್ನ ಓದು ಎಂಥದ್ದು ಎಂದು ಆಗಲೇ ಹೇಳಿದ್ದೇನೆ.

ಮೊದಲು ಬಂದವರು ಕೊಯಮತ್ತೂರಿನವರು. ಅವರ ಮುಂದಾಳು ಸಿಂಗಾನಲ್ಲೂರಿನ ಒಬ್ಬ ಹುಡುಗ, ತಮಿಳಿನವನು, ಅಜ್ಜಿ ಎನ್ನಲು ಪಾಟಿ ಎನ್ನುತ್ತಿದ್ದ, ಉದ್ದಕ್ಕೆ ಬೆಳೆದಿದ್ದ, ಬಾಗಿಲಲ್ಲಿ ತಲೆ ಬಗ್ಗಿಸಿ ನಿಲ್ಲಬೇಕಾಗಿತ್ತು. ಶುಕ್ರವಾರ ಸಂಜೆ, ಬೀದಿಯ ಜನ ಮಗ್ಗದಿಂದ ಎದ್ದಿರುತ್ತಾರೆ ಎಂದು ಲೆಕ್ಕ ಹಾಕಿ ಬಂದಿದ್ದ.

“ಪಾಟಿ, ಒಂದು ಚಮಚ ಮೊಸರು ಕೊಡ್ತೀರಾ? ನಾಳೆ ಮೀಟಿಂಗಿಗೆ ಬೇಕು. ಎಲ್ಲ ಮನೆಯಿಂದಲೂ ಒಂದೊಂದು ಚಮಚ ಇಸ್ಕೋತಾ ಇದೀವಿ.”

ನಾದಿನಿ ಆಗಷ್ಟೇ ದೀಪ ಹಚ್ಚಿ ಎದ್ದಿದ್ದಳು.

“ಮೊಸರಿಲ್ಲ. ಹೋಗಪ್ಪ.”

“ಸ್ವಲ್ಪ ಸಾಕು ಪಾಟಿ.”

“ಸ್ವಲ್ಪಾನೂ ಇಲ್ಲ.”

ಮೊಸರಿನ ಪಾತ್ರೆ ಅವನ ಕಣ್ಣಿಗೆ ಕಾಣುವಂತೆ ಒಲೆಯ ಪಕ್ಕದಲ್ಲೇ ಕೂತಿತ್ತು. ಅವನು ಪಾತ್ರೆಯನ್ನು ನೋಡಿದ, ಅವಳನ್ನು ನೋಡಿದ, ಹೊರಟುಹೋದ. ಪಕ್ಕದ ಮನೆಯಲ್ಲೂ ಇಲ್ಲ, ಎದುರಿನ ಮನೆಯಲ್ಲೂ ಇಲ್ಲ. ಬೀದಿಯ ಕೊನೆಯವರೆಗೆ ಬಟ್ಟಲು ಹಿಡಿದು ಹೋದವನು ಖಾಲಿ ಬಟ್ಟಲಲ್ಲೇ ಬಂದ. ನಮ್ಮ ಜಗಲಿಯ ಮೇಲೆ ಕೂತು ಜೊತೆಯವರಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. ಈ ಜನರಿಗೆ ನಾವು ಬಂದದ್ದು ಇಷ್ಟವಿಲ್ಲ, ನಾವೇನೋ ಮಾಡಿಬಿಡುತ್ತೇವೆ ಎಂದು ಹೆದರಿದ್ದಾರೆ, ನಾಳೆ ಯಾರೂ ಬರುವುದಿಲ್ಲ ಎಂದ.

ಅವನಿಗೆ ಗೊತ್ತಿಲ್ಲದ್ದು ಇಷ್ಟೇ. ದೀಪ ಹಚ್ಚಿದ ಮೇಲೆ, ಅದರಲ್ಲೂ ಶುಕ್ರವಾರ, ಹೆಪ್ಪು ಮನೆಯಿಂದ ಹೊರಗೆ ಹೋಗಬಾರದು. ಹೆಪ್ಪಿನ ಜೊತೆ ಲಕ್ಷ್ಮಿಯೂ ಹೋಗುತ್ತಾಳೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಎಂಥ ಬೇಕಾದವರು ಕೇಳಿದರೂ ಇಲ್ಲ ಎನ್ನಬೇಕು, ಇದೆ, ಕೊಡುವುದಿಲ್ಲ ಎಂದರೂ ತಪ್ಪೇ. ಅವನನ್ನು ಕರೆದು ಹೇಳಬಹುದಿತ್ತು. ಆ ಹೊತ್ತಿನಲ್ಲಿ ಅದರ ಮಾತೇ ಎತ್ತಬಾರದು ಎಂಬುದೂ ಇದೆಯಲ್ಲ, ಸುಮ್ಮನಿದ್ದೆ.

ಬೆಳಿಗ್ಗೆ ಕರ್ನಾಟಕದ ಗುಂಪು ಬಂದಿಳಿಯಿತು. ನಾನು ಬಾಗಿಲಿಗೆ ನೀರು ಹಾಕುತ್ತಿದ್ದೆ. ಚೂಡಿದಾರ ಹಾಕಿದ ಒಬ್ಬ ಹುಡುಗಿ ಸ್ಟೀಲಿನ ಬಟ್ಟಲು ಹಿಡಿದು ಬಂದಳು. ಬಟ್ಟಲು ಖಾಲಿ ಇರಲಿಲ್ಲ, ತಳದಲ್ಲಿ ಒಂದಿಷ್ಟು ಹಾಲಿತ್ತು.

“ಅಜ್ಜಿ, ಹೆಪ್ಪಿಗೆ ಬಂದೆ. ನಿನ್ನೆ ನಮ್ಮ ಹುಡುಗರು ದೀಪ ಹಚ್ಚಿದ ಮೇಲೆ ಬಂದು ಕೇಳಿದ್ರಂತೆ. ಬೈಕೋಬೇಡಿ. ಅವರ ಮನೇಲಿ ಪ್ಯಾಕೆಟ್ ಮೊಸರು.”

ನಾದಿನಿ ಒಳಗಿನಿಂದ ಬಂದಳು. “ನಿಮ್ಮನೇಲಿ?”

“ನಮ್ಮಮ್ಮ ಶುಕ್ರವಾರ ಸಂಜೆ ಆ ಮಾತೇ ಆಡಲ್ಲ ಅಜ್ಜಿ. ಪಕ್ಕದ ಮನೆಯವರು ಕೇಳಿದ್ರೆ ಕಿವುಡಿ ಥರ ನಿಂತ್ಕೋತಾಳೆ.”

ನಾದಿನಿ ನಕ್ಕಳು. ಕಾಲು ನೋವು ಬಂದ ಮೇಲೆ ನಾನು ಆ ನಗು ನೋಡಿರಲಿಲ್ಲ. “ಯಾವ ಊರು ಅಮ್ಮಣಿ?” ಎಂದು ಕೇಳಿದಳು. ದಾವಣಗೆರೆ ಕಡೆ ಎಂದಳು. ಅದು ಎಲ್ಲಿದೆ ಎಂದು ನಮಗಿಬ್ಬರಿಗೂ ತಿಳಿಯದು. ಒಂದು ಚಮಚವಲ್ಲ, ಒಂದು ಸೌಟು ಮೊಸರೇ ಹಾಕಿ ಕೊಟ್ಟಳು. ಆ ಹುಡುಗಿ ಹೊತ್ತೇರುವ ಮೊದಲೇ ಬೀದಿಯ ಎಲ್ಲ ಮನೆಯ ಮೊಸರೂ ಕೂಡಿಸಿಬಿಟ್ಟಳು. ಸಿಂಗಾನಲ್ಲೂರಿನ ಹುಡುಗ ಅವಳ ಹಿಂದೆ ಬಟ್ಟಲುಗಳ ತಟ್ಟೆ ಹಿಡಿದು ನಡೆಯುತ್ತಿದ್ದ.

ಮಧ್ಯಾಹ್ನ ಚೌಡಮ್ಮನ ಗುಡಿಯ ಮಂಟಪದಲ್ಲಿ ಮೀಟಿಂಗ್. ಬೀದಿಗೆ ಬೀದಿಯೇ ಬಂತು. ನಮ್ಮ ನಮ್ಮ ಮನೆಯ ಮೊಸರನ್ನು ಗಾಜಿನ ಚೂರಿನ ಮೇಲೆ ಸವರಿ, ದುರ್ಬೀನಿನಂಥ ಒಂದು ಯಂತ್ರದ ಕೆಳಗಿಟ್ಟು ಒಬ್ಬೊಬ್ಬರನ್ನೇ ಕರೆದು ತೋರಿಸಿದರು. ನಾನೂ ಒಂದು ಕಣ್ಣು ಮುಚ್ಚಿ ನೋಡಿದೆ. ಮುರಿದ ಕಡ್ಡಿ ಚೂರುಗಳ ಹಾಗೆ ಏನೇನೋ ಬಿದ್ದುಕೊಂಡಿದ್ದವು.

“ಇದೇನು ತಂಬಿ, ಹುಳಾನಾ?”

“ಹುಳ ಅಲ್ಲ ಪಾಟಿ. ಬ್ಯಾಕ್ಟೀರಿಯಾ. ಹಾಲನ್ನು ಮೊಸರು ಮಾಡೋದು ಇವೇ.”

ನಮ್ಮ ಎದುರು ಮನೆಯ ಯಜಮಾನ ನೋಡಿದವನೇ, ಇವತ್ತಿನಿಂದ ನಾನು ಮೊಸರು ಮುಟ್ಟುವುದಿಲ್ಲ ಎಂದ. ಅವನ ಹೆಂಡತಿ, “ಸರಿ, ರಸಂ ಅನ್ನದಲ್ಲೇ ಎದ್ದೇಳು, ನಂಗೆ ಹಾಲು ಮಿಗತ್ತೆ” ಎಂದಳು. ಜನ ನಕ್ಕರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ಆಮೇಲೆ ಪುಸ್ತಕ ಹಂಚಿದರು. ಬೀದಿಯವರಲ್ಲಿ ತಲೆಕೆಳಗೆ ಹಿಡಿದವರು ಕೆಲವರು, ಮಡಿಚಿ ಬೀಸಿಕೊಂಡವರು ಕೆಲವರು. ಮಕ್ಕಳ ಮುಖ ಸಪ್ಪೆಯಾಯಿತು. ಯಾರೋ ನನ್ನ ಕಡೆ ಕೈ ತೋರಿಸಿದರು. ನಾನು ಕನ್ನಡಕ ಏರಿಸಿಕೊಂಡು ಎದ್ದು ನಿಂತು ಗಟ್ಟಿಯಾಗಿ ಓದಿದೆ. ಮೊದಲ ಸಾಲಿನಲ್ಲೇ ‘ಸಂಶ್ಲೇಷಿತ’ ಎಂಬ ಮಾತು ಬಂದು ನನ್ನ ಉಸಿರು ಹಿಡಿಯಿತು. ಅದನ್ನು ಬಿಟ್ಟು ಮುಂದಕ್ಕೆ ಹೋದೆ. ಈ ವಿದ್ಯೆಯಿಂದ ಆದ ಉಪಕಾರಗಳು ಎಂದು ಒಂದು ಪುಟವಿತ್ತು. ಅಲ್ಲಿ ಸಕ್ಕರೆ ಕಾಯಿಲೆಯ ಸೂಜಿಮದ್ದಿನ ಮಾತು ಬಂತು. ನನಗೆ ಖುಷಿಯಾಯಿತು, ನಾದಿನಿಗೆ ಕೇಳಿಸಲಿ ಎಂದು ದನಿ ಏರಿಸಿದೆ. ಸೂಕ್ಷ್ಮಜೀವಿಗಳ ಮೂಲಕ ಈಗ ಮಾನವ ಇನ್ಸುಲಿನ್ ತಯಾರಿಸುತ್ತಾರೆ ಎಂದು ಬರೆದಿತ್ತು. ಅಕ್ಷರ ಅಕ್ಷರ ಬಿಡಿಸಿ ಓದಿದೆ.

“ಅತ್ತಿಗೆ, ಏನಂದೆ?” ಎಂದಳು ನಾದಿನಿ.

“ಮಾನವ ಇನ್ಸುಲಿನ್.”

“ಮಾನವ ಅಂದ್ರೆ ಮನುಷ್ಯ ತಾನೆ?”

“ಅಲ್ಲದೆ ಇನ್ನೇನು.”

“ಮೊದಲು ದನ, ಹಂದಿ. ಈಗ ಮನುಷ್ಯರನ್ನೇ ಹಿಂಡ್ತಾ ಇದಾರಾ?”

ಸಿಂಗಾನಲ್ಲೂರಿನ ಹುಡುಗ ಓಡಿಬಂದ. ಹಾಗಲ್ಲ ಪಾಟಿ, ಅದು ಮನುಷ್ಯರ ಜೀನು, ಅದನ್ನು ಬ್ಯಾಕ್ಟೀರಿಯಾದ ಒಳಗೆ ಇಟ್ಟು, ಎಂದು ತಮಿಳಿನಲ್ಲಿ ಶುರು ಮಾಡಿದ.

“ಯಾರದ್ದು? ಸತ್ತವರದ್ದಾ, ಬದುಕಿರೋರದ್ದಾ?”

“ಯಾರದ್ದೂ ಅಲ್ಲ ಪಾಟಿ.”

“ಯಾರದ್ದೂ ಅಲ್ಲದ್ದಕ್ಕೆ ಮನುಷ್ಯರ ಹೆಸರು ಯಾಕೆ ಇಟ್ರಿ?”

ನಾದಿನಿ ಸೆರಗು ಸರಿಮಾಡಿಕೊಂಡು, ಕುಂಟುತ್ತ ಎದ್ದುಹೋದಳು. ಅವಳ ಹಿಂದೆ ಇನ್ನೂ ಕೆಲವರು ಎದ್ದರು. ನಾನು ಪುಸ್ತಕ ಹಿಡಿದುಕೊಂಡು ನಿಂತಿದ್ದೆ. ಮುಚ್ಚಿದ್ದ ಬಾಗಿಲಿಗೆ ನಾನೇ ಅಗಳಿ ಹಾಕಿದ ಹಾಗಾಯಿತು.

ದಾವಣಗೆರೆ ಹುಡುಗಿ ನಾದಿನಿಯ ಹಿಂದೆಯೇ ಮನೆಗೆ ಬಂದಳು. ಬೆಳಿಗ್ಗೆ ಹೆಪ್ಪು ಇಸಿದುಕೊಂಡ ಸಲಿಗೆ ಇತ್ತಲ್ಲ, ನೇರ ಅಡುಗೆಮನೆಗೆ ಬಂದು ನೆಲದ ಮೇಲೆ ಕೂತಳು. ಬೇರೆ ಯಾರಾದರೂ ಆಗಿದ್ದರೆ ನಾದಿನಿ ಹೊಸಿಲಲ್ಲೇ ತಡೆಯುತ್ತಿದ್ದಳು. ನಾನು ಒಲೆಯ ಹತ್ತಿರ ನಿಂತೆ. ಹುಡುಗ ಹೊರಗೆ ಜಗಲಿಯಲ್ಲಿ ಉಳಿದ.

ಹುಡುಗಿ ಮದ್ದಿನ ಮಾತೆತ್ತಲಿಲ್ಲ. “ಅಜ್ಜಿ, ಈ ಮನೆ ಹೆಪ್ಪು ಎಲ್ಲಿಂದ ಬಂದಿದ್ದು?” ಎಂದಳು.

“ನಮ್ಮಮ್ಮನ ಕಾಲದ್ದು. ಅವಳತ್ತೆ ಕಾಲದ್ದೋ ಏನೋ.”

“ಆಗಿನ ಎಮ್ಮೆ ಹಾಲು ಇವತ್ತಿನ ಮೊಸರಲ್ಲಿ ಇದೆಯಾ?”

“ಹುಚ್ಚಾ ನಿಂಗೆ. ಆ ಎಮ್ಮೆ ಸತ್ತು ಎಷ್ಟು ಕಾಲ ಆಯ್ತು.”

“ಹುಳಿ ಮಾತ್ರ ಅದೇ.”

“ಅದೇ.”

“ಸೂಜಿ ಮದ್ದೂ ಹಾಗೇ ಅಜ್ಜಿ. ಆ ಮದ್ದು ನಮ್ಮ ಮೈಯೊಳಗೆ ತಾನಾಗೇ ಆಗತ್ತೆ. ಹೇಗೆ ಮಾಡ್ಬೇಕು ಅಂತ ಒಳಗೆ ಒಂದು ಬರಹ ಇದೆ. ಯಾರೋ ಓದಿದವರು ಆ ಬರಹ ನೋಡಿಕೊಂಡು ಅಂಥದ್ದೇ ಇನ್ನೊಂದು ಬರೆದ್ರು. ಅದನ್ನ ಮೊಸರಲ್ಲಿ ನೋಡಿದ್ವಲ್ಲ, ಆ ಥರದ ಸಣ್ಣ ಜೀವಿಗೆ ಕೊಟ್ರು. ಅದು ಮಾಡ್ತಾ ಹೋಗತ್ತೆ. ಪಾತ್ರೆಯಿಂದ ಪಾತ್ರೆಗೆ ಬೆಳೆಸ್ತಾ ಹೋಗ್ತಾರೆ. ಕೊನೆಗೆ ಜೀವಿಯನ್ನ ತೆಗೆದುಬಿಟ್ಟು ಮದ್ದನ್ನ ಮಾತ್ರ ಸೀಸೆಗೆ ತುಂಬ್ತಾರೆ. ಮನುಷ್ಯರ ಒಂದು ತೊಟ್ಟು ರಕ್ತವೂ ಅದರಲ್ಲಿಲ್ಲ.”

ನಾದಿನಿ ಮೊಸರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು. ನನಗೆ, ಸದ್ಯ, ಇಲ್ಲಿಗೆ ಮುಗಿಯಿತು ಅನ್ನಿಸಿತು. ಆಗ ಅವಳು ಕೇಳಿದಳು.

“ಮನುಷ್ಯರದ್ದು ಇಲ್ಲ, ಸರಿ. ದನ, ಹಂದಿ? ಮಾಡೋವಾಗ, ತೊಳೆಯೋವಾಗ, ಸೋಸೋವಾಗ, ಎಲ್ಲೂ ಸೋಕೋದೇ ಇಲ್ವಾ?”

ಹುಡುಗಿ “ಗೊತ್ತಿಲ್ಲ ಅಜ್ಜಿ” ಎಂದಳು.

“ಗೊತ್ತಿಲ್ವಾ?”

“ಎಲ್ಲಾ ಹಂತಾನೂ ನನಗೆ ಗೊತ್ತಿಲ್ಲ. ಕೇಳ್ಕೊಂಡು ಬಂದು ಹೇಳ್ತೀನಿ.”

“ಸರಿ, ಕೇಳ್ಕೊಂಡು ಬಾ” ಎಂದು ನಾದಿನಿ ಎದ್ದು ಮಗ್ಗದ ಕಡೆ ಹೋದಳು.

ನಾನು ಹುಡುಗಿಯ ಕೈ ಹಿಡಿದು ಜಗಲಿಗೆ ಎಳೆದುಕೊಂಡು ಬಂದೆ. “ಇಲ್ಲ ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಹುಡುಗನೂ ನನ್ನ ಪಕ್ಷ. “ಹೇಳಿಬಿಡಬಹುದಿತ್ತು. ಬಹುಪಾಲು ಇಲ್ಲ ಅನ್ನೋದೇ ನಿಜ. ಪಾಟಿಯ ಕಾಲು ಮುಖ್ಯ ಅಲ್ವಾ?”

“ಬಹುಪಾಲು ಅಂದ್ರೆ ಎಲ್ಲಾ ಅಲ್ಲ. ನಾಳೆ ಇನ್ಯಾರಾದ್ರೂ ಬಂದು, ಇದೆ ಅಂದ್ರೆ? ಅಜ್ಜಿ ಸೂಜಿ ನಿಲ್ಲಿಸಿಬಿಡ್ತಾರೆ. ಆಮೇಲೆ ನಾನಲ್ಲ, ಯಾರು ಏನು ಹೇಳಿದ್ರೂ ಕೇಳಲ್ಲ.”

“ಕಾಲು ಕೊಳೀತಾ ಇದೆ ಅಮ್ಮಣಿ. ನಿಂಗೆ ಸತ್ಯದ ಚಿಂತೆ.”

ಅವಳ ಕಣ್ಣಲ್ಲಿ ನೀರು ಬಂತು. ಆದರೂ ಬಗ್ಗಲಿಲ್ಲ. “ನಾಳೆ ಬಿಟ್ಟು ಬರೋ ಭಾನುವಾರದವರೆಗೆ ಟೈಮ್ ಕೊಡಿ ಅಜ್ಜಿ. ಅಲ್ಲೀತನಕ ದಿನಾ ಆಸ್ಪತ್ರೆಗೆ ಹೋಗಿ ಗಾಯ ಕಟ್ಟಿಸಿಕೊಳ್ಳೋದು ಮಾತ್ರ ಬಿಡಬೇಡಿ. ಜ್ವರ ಬಂದ್ರೆ ಕಾಯಬೇಡಿ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ” ಎಂದಳು.

ನಾನಾಗಿದ್ದರೆ ಇಲ್ಲ ಎಂದು ಹೇಳಿ ನಿದ್ದೆ ಮಾಡುತ್ತಿದ್ದೆ. ಈಗ ಕೇಳಿದರೂ ಹಾಗೆಯೇ ಮಾಡುತ್ತಿದ್ದೆ. ಅಂದು ಆ ಹುಡುಗಿಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಂಜೆ ಅವರು ಬಸ್ಸು ಹತ್ತುವಾಗ ಬಾಗಿಲಿಗೂ ಹೋಗಲಿಲ್ಲ.

ಆ ವಾರ ಕೆಟ್ಟ ವಾರ. ದಿನಾ ಬಸ್ಸಿನಲ್ಲಿ ಹೋಗಿ ಗಾಯ ಕಟ್ಟಿಸಿಕೊಂಡು ಬರುವುದು, ಮನೆಯಲ್ಲಿ ಆ ವಾಸನೆ. ಸೊಸೆ ಸಾಂಬ್ರಾಣಿ ಹಾಕುತ್ತಿದ್ದಳು, ಯಾಕೆಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮಗ್ಗದ ಮೇಲೆ ಅರ್ಧ ಸೀರೆ ನಿಂತಿತ್ತು. ನಾದಿನಿ ಒಂದು ದಿನ ಹಟ ಹಿಡಿದು ಗುಂಡಿಗೆ ಇಳಿದಳು. ನಾಲ್ಕು ಸಲ ತುಳಿದು, ಹಲ್ಲು ಕಚ್ಚಿ, ಮೇಲೆ ಹತ್ತಲಾರದೆ ಕೂತುಬಿಟ್ಟಳು. ಮಗನೂ ನಾನೂ ಸೇರಿ ಎತ್ತಿದೆವು. ನಾನು ಬೈಯಲಿಲ್ಲ. ಬೈಯದೆ ಇದ್ದದ್ದಕ್ಕೆ ಅವಳಿಗೆ ಹೆದರಿಕೆಯಾಯಿತು. “ಯಾಕೆ ಅತ್ತಿಗೆ ಬಾಯಿ ಬಿದ್ದೋಯ್ತಾ?” ಎಂದು ಕೇಳಿದಳು.

ವಾರದ ಮೊದಲಲ್ಲೇ ಆಸ್ಪತ್ರೆಯಲ್ಲಿ ಸಿಂಗಾನಲ್ಲೂರಿನ ಹುಡುಗನನ್ನು ಕಂಡೆ. ಮದ್ದು ಕೊಡುವ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದ. ಎಲ್ಲರಿಗಿಂತ ಒಂದು ತಲೆ ಮೇಲೆ. ಕಿಟಕಿಯೊಳಗಿನವನು, “ಏನು ತಂಬಿ, ಈ ವಯಸ್ಸಿಗೇ ಸಕ್ಕರೆಯಾ?” ಎಂದು ಕೇಳುತ್ತಿದ್ದ. ಇವನಿಗೆ ಬೇಕಾದ್ದು ಇಲ್ಲಿ ಕೊಡುವ ಸೂಜಿಮದ್ದಿನ ಪೆಟ್ಟಿಗೆಯ ಫೋಟೊ. ಯಾಕೆ ಏನು ಎಂದು ಅವನನ್ನು ಮೂರು ಜನರ ಹತ್ತಿರ ಕಳಿಸಿದರು. ಕೊನೆಗೆ ನಮ್ಮ ಡಾಕ್ಟರಮ್ಮನೇ ತೆಗೆಸಿ ಕೊಟ್ಟರು.

ನನ್ನನ್ನು ನೋಡಿದವನೇ, “ಪಾಟಿ, ಆ ಹುಡುಗಿ ನನ್ನ ಪ್ರಾಣ ತಿಂತಾ ಇದ್ದಾಳೆ. ಪೆಟ್ಟಿಗೆಯ ನಾಲ್ಕೂ ಮಗ್ಗುಲು ಬೇಕಂತೆ. ಒಂದು ಮಗ್ಗುಲು ಮಸುಕಾದ್ರೂ ವಾಪಸ್ ಕಳಿಸ್ತೀನಿ ಅಂದಿದಾಳೆ” ಎಂದ.

“ನಿಂಗೆ ಕಾಲೇಜಿಲ್ವಾ?”

“ಇದೆ. ರಜೆ ಹಾಕಿದೀನಿ.”

ಸುಳ್ಳು ಹೇಳಿಬಿಡು ಎಂದವನು ಅವನೇ. ಸತ್ಯ ಹುಡುಕಲು ಬಸ್ಸು ಹತ್ತಿ ಬಂದು ಸಾಲಿನಲ್ಲಿ ನಿಂತವನೂ ಅವನೇ. ನಾನು ಅವನಿಗೆ ಒಂದು ಟೀ ಕೊಡಿಸಿದೆ.

ಆಮೇಲೆ ನಡೆದದ್ದನ್ನು ಅವರು ಹೇಳಿ ತಿಳಿದದ್ದು. ಕೊಯಮತ್ತೂರಿನವರು ಮದ್ದು ಮಾಡುವವರಿಗೆ ಬರೆದು ಕೇಳಿದರು. ಕರ್ನಾಟಕದವರು ತಮ್ಮ ಮೇಷ್ಟ್ರನ್ನು ಹಿಡಿದರು, ಆ ಮೇಷ್ಟ್ರು ಇಂಥ ಮದ್ದಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದ ತಮ್ಮ ಗೆಳೆಯರನ್ನು ಹಿಡಿದರು. ಪಂದ್ಯದ ಕೆಲಸ ಬಿಟ್ಟು ಎರಡು ಊರಿನ ಮಕ್ಕಳು ಒಂದು ವಾರ ನನ್ನ ನಾದಿನಿಯ ಪ್ರಶ್ನೆಯ ಹಿಂದೆ ಓಡಾಡಿದರು.

ಭಾನುವಾರ ಎರಡು ಗುಂಪೂ ಬಂತು. ಹುಡುಗಿ ಮತ್ತೆ ಅಡುಗೆಮನೆಯ ನೆಲದ ಮೇಲೆ ಕೂತಳು. ಈ ಸಾರಿ ಹುಡುಗನೂ ಒಳಗೆ ಬಂದ, ನಾದಿನಿ ತಡೆಯಲಿಲ್ಲ.

“ಅಜ್ಜಿ, ಮೊದಲು ಒಂದು ಮಾತು. ನೀವು ಚಿಕ್ಕವರಿದ್ದಾಗ ಕೇಳಿದ್ದು ಸುಳ್ಳಲ್ಲ. ಆಗ ದನದ, ಹಂದಿಯ ಹೊಟ್ಟೆಯಿಂದಲೇ ತೆಗೀತಿದ್ರು.”

ನಾದಿನಿ ನನ್ನ ಕಡೆ ತಿರುಗಿದಳು. “ಕೇಳಿಸ್ತಾ ಅತ್ತಿಗೆ?”

“ಕೇಳಿಸ್ತು” ಎಂದೆ.

“ಮಗನನ್ನೂ ಕರಿ. ಅವನಿಗೂ ಕೇಳಿಸಲಿ.”

ಮಗನನ್ನು ಮಗ್ಗದಿಂದ ಎಬ್ಬಿಸಿ ಕರೆಸಿದಳು. ಹುಡುಗಿ ಇನ್ನೊಮ್ಮೆ ಹೇಳಬೇಕಾಯಿತು. ಅದಾದ ಮೇಲೆ ನಾದಿನಿ ಕಾಲು ನೀಡಿಕೊಂಡು, ಗೋಡೆಗೆ ಒರಗಿ, “ಈಗ ಹೇಳು” ಎಂದಳು.

“ಈಗಿನದ್ದು ಜೀವಿಯಿಂದ ಮಾಡೋದು. ಆದ್ರೆ ಮಧ್ಯೆ ಒಂದು ಕಡೆ ಮದ್ದನ್ನ ಕತ್ತರಿಸಿ ಸರಿಮಾಡೋಕೆ ಒಂದು ವಸ್ತು ಬೇಕು. ಹಿಂದೆ ಕೆಲವರು ಆ ವಸ್ತುವನ್ನ ಹಂದಿಯಿಂದ ತೆಗೆದದ್ದು ಬಳಸ್ತಿದ್ರು. ನಾನು ಅವತ್ತು ಇಲ್ಲ ಅಂದಿದ್ರೆ ತಪ್ಪಾಗ್ತಿತ್ತು. ನಿಮ್ಮ ಆಸ್ಪತ್ರೇಲಿ ಕೊಡ್ತಾರಲ್ಲ, ಅದನ್ನ ಮಾಡುವವರು ಉತ್ತರ ಕೊಟ್ಟಿದಾರೆ. ಅವರು ಆ ವಸ್ತುವನ್ನೂ ಜೀವಿಯಿಂದಲೇ ಮಾಡ್ತಾರೆ. ಪ್ರಾಣಿಯದ್ದು ಎಲ್ಲೂ ಬಳಸಲ್ಲ ಅಂತ ಹೇಳಿದಾರೆ.”

“ಅವರು ಹೇಳಿದ್ದು ನಿಜಾನಾ?”

“ನಾವು ಹೋಗಿ ನೋಡಿಲ್ಲ ಅಜ್ಜಿ. ಅವರು ಹೇಳಿದ್ದು ಇದು. ನಮ್ಮ ಮೇಷ್ಟ್ರು ಕೇಳಿದ ಕಡೆಯೂ ಹೀಗೇ ಹೇಳಿದ್ರು. ಆಸ್ಪತ್ರೆಯವರು ಬೇರೆ ಕಂಪನಿಯದ್ದು ಕೊಟ್ರೆ ಅದರ ಬಗ್ಗೆ ನನಗೆ ಗೊತ್ತಿಲ್ಲ. ಆಗ ಫೋನ್ ಮಾಡಿ. ಆದ್ರೆ ಕೇಳಿ ಹೇಳೋತನಕ ಸೂಜಿ ನಿಲ್ಲಿಸಬಾರದು, ಡಾಕ್ಟರನ್ನ ಕೇಳದೆ ನಿಲ್ಲಿಸಲೇಬಾರದು.”

ನಾದಿನಿ ತನ್ನ ಬೆರಳಿನ ಕಟ್ಟನ್ನು ನೋಡುತ್ತ ಕೂತಳು. ಆಮೇಲೆ ಹುಡುಗನ ಕಡೆ ನೋಡಿ, “ಊಟ ಆಯ್ತಾ ತಂಬಿ? ವಾರದಲ್ಲಿ ಇಳಿದುಹೋಗಿದೀಯ” ಎಂದಳು. ನನ್ನ ಕಡೆ ತಿರುಗಿ, “ನಾಳೆ ಮೊದಲ ಬಸ್ಸು ಎಷ್ಟೊತ್ತಿಗೆ ಅತ್ತಿಗೆ?” ಎಂದಳು.

ಸೊಸೆ ಎಲೆ ಹಾಕಿದಳು. ಮಕ್ಕಳೆಲ್ಲ ಅಲ್ಲೇ ಉಂಡರು.

ಕಿರುಬೆರಳು ಉಳಿಯಲಿಲ್ಲ, ಆ ತಿಂಗಳೇ ತೆಗೆದರು. ಪಾದ ಉಳಿಯಿತು. ಇವತ್ತೂ ಅವಳು ಅದೇ ಮಗ್ಗ ತುಳಿಯುತ್ತಾಳೆ, ನಾನು ನೂಲು ಸುತ್ತುತ್ತೇನೆ, ಜಗಳ ಹಾಗೇ ಇದೆ. ಸೂಜಿ ಹಾಕಿದ್ದರಿಂದಲೇ ಉಳಿಯಿತೋ, ಗಾಯ ತಪ್ಪದೆ ಕಟ್ಟಿಸಿದ್ದರಿಂದಲೋ ಎಂದು ಹುಡುಗಿಯನ್ನು ಕೇಳಿದೆ. ಎರಡೂ ಇರಬಹುದು, ನಾನು ಡಾಕ್ಟರ್ ಅಲ್ಲ ಎಂದಳು. ಅವಳಿಂದ ಇನ್ನೆಂಥ ಉತ್ತರ ಬರುತ್ತದೆ.

ಪಂದ್ಯದಲ್ಲಿ ಆ ಮಕ್ಕಳಿಗೆ ಏನು ಸಿಕ್ಕಿತು ಎಂದು ನಾನು ಕೇಳಿ ಮರೆತಿದ್ದೇನೆ. ಬಣ್ಣದ ನೀರು ತಿನ್ನುವ ಜೀವಿ ಇನ್ನೂ ಸರಿಯಾಗಿ ತಿನ್ನುತ್ತಿಲ್ಲವಂತೆ. ಅವರು ಓದು ಮುಗಿಸಿದರು, ಅವರ ಜಾಗಕ್ಕೆ ಬೇರೆ ಮಕ್ಕಳು ಬಂದಿದ್ದಾರೆ. ಈಗಲೂ ವರ್ಷಕ್ಕೊಮ್ಮೆ ಎರಡೂ ಕಾಲೇಜಿನವರು ಸೇರಿ ನಮ್ಮ ಬೀದಿಗೂ ಪಲ್ಲಡದ ಪವರ್‌ಲೂಮ್ ಬೀದಿಗಳಿಗೂ ಬರುತ್ತಾರೆ. ಬೆಳಿಗ್ಗೆ ಬರುತ್ತಾರೆ. ಪುಸ್ತಕ ಬದಲಾಗಿದೆ. ನಾವು ಆಡುವ ಕನ್ನಡವನ್ನೇ ತಮಿಳು ಅಕ್ಷರದಲ್ಲಿ ಅಚ್ಚು ಹಾಕಿಸಿದ್ದಾರೆ. ನಮ್ಮ ಬೀದಿಯ ಹೆಂಗಸರು ಈಗ ತಾವೇ ಓದಿಕೊಳ್ಳುತ್ತಾರೆ, ನನ್ನನ್ನು ಕರೆಯುವುದಿಲ್ಲ. ಕೊನೆಯ ಪುಟದಲ್ಲಿ ತಮಗೆ ಇನ್ನೂ ಗೊತ್ತಿಲ್ಲದ ಸಂಗತಿಗಳು ಯಾವುವು ಎಂದು ಬರೆದಿರುತ್ತಾರೆ. ನಾದಿನಿ ಮೊದಲು ಓದಿಸಿಕೊಳ್ಳುವುದು ಆ ಪುಟವನ್ನೇ.

ನನಗೆ ಯಾರ ಕಾಲಿಗೂ ಬಿದ್ದು ಅಭ್ಯಾಸವಿಲ್ಲ. ಹೊಗಳಿಯೂ ಅಭ್ಯಾಸವಿಲ್ಲ. ಓದಿದವರು ನಮ್ಮ ಬೀದಿಗೆ ಬಹಳ ಜನ ಬಂದಿದ್ದಾರೆ. ಎಲ್ಲರಿಗೂ ಎಲ್ಲ ಗೊತ್ತಿತ್ತು, ನಮಗೆ ಹೇಳಿ ಹೊರಟುಹೋದರು. ಈ ಮಕ್ಕಳು ಗೊತ್ತಿಲ್ಲ ಎಂದು ಹೋಗಿ, ತಿಳಿದುಕೊಂಡು, ಬಸ್ಸು ಹತ್ತಿ ವಾಪಸು ಬಂದರು. ನನ್ನ ಮಾತು ಕೇಳಿ ಸುಳ್ಳು ಹೇಳಲಿಲ್ಲ. ಅವರ ಹೊಟ್ಟೆ ತಣ್ಣಗಿರಲಿ. ಇಷ್ಟು ಹೇಳಲು ಇಷ್ಟುದ್ದ ಬರೆದೆ.

ಆ ಭಾನುವಾರದ ಮರುದಿನ ಬೆಳಿಗ್ಗೆ ನಾನು ಕತ್ತಲಿರುವಾಗಲೇ ಎದ್ದು ಇಡ್ಲಿ ಬೇಯಿಸಿ ಡಬ್ಬಿಗೆ ತುಂಬಿದೆ. ಸೂಜಿ ಹಾಕಿದ ಮೇಲೆ ಹೊಟ್ಟೆಗೆ ಬೀಳಲೇಬೇಕು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು, ಅವಳು ಹೊರಗಿನದು ತಿನ್ನುವವಳಲ್ಲ. ಬಿಸಿನೀರಲ್ಲಿ ಅವಳ ಕಾಲು ಒರೆಸಿ, ಹಳೆ ಪಂಚೆ ಹರಿದು ಕಟ್ಟಿನ ಮೇಲೆ ಸುತ್ತಿ, ಮೊದಲ ಬಸ್ಸಿಗೆ ಹತ್ತಿಸಿದೆ. ಆಸ್ಪತ್ರೆಯಲ್ಲಿ ನರ್ಸಮ್ಮ ಹೊಟ್ಟೆಯ ಮೇಲೆ ಎಲ್ಲಿ ಹಿಡಿಯಬೇಕು, ಮದ್ದು ಎಷ್ಟು ಎಳೆಯಬೇಕು ಎಂದು ತೋರಿಸಿ, ಸೂಜಿಯನ್ನು ನನ್ನ ಕೈಗೆ ಕೊಟ್ಟಳು. ನಾದಿನಿ ಕಣ್ಣು ಮುಚ್ಚಿಕೊಂಡಿದ್ದಳು. ಚುಚ್ಚಿದೆ.

“ಹಾಕು ಅತ್ತಿಗೆ, ಯಾಕೆ ತಡ?” ಎಂದಳು.

“ಆಯ್ತು” ಎಂದೆ.

ಹೊರಗಿನ ಬೆಂಚಿನ ಮೇಲೆ ಅವಳನ್ನು ಕೂರಿಸಿ, ಡಬ್ಬಿ ಬಿಚ್ಚಿ, ಅವಳು ಇಡ್ಲಿಯೆಲ್ಲ ತಿಂದು ಮುಗಿಸುವವರೆಗೆ ಎದುರಿಗೆ ನಿಂತುಕೊಂಡಿದ್ದೆ.